ಇಂಗ್ಲೆಂಡಿನ ಹಳೆಯ ಬೆಳ್ಳಿ ನಾಣ್ಯಗಳು
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ದುಡಿದು ತಿನ್ನುವ ನಮಗೆ ಪರದೇಶದ ಹಳೆಯ ನಾಣ್ಯಗಳ ಗೊಡವೆಯೇಕೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ನಾಣ್ಯವೆಂದರೆ ಯಾರದೋ ಕೂಲಿಯಲ್ಲವೆ? ಆ ಕೂಲಿಯಲ್ಲಿ ಅರಸರು ಕೈಯಾಡಿಸಿದ ಗುರುತು ಆ ಬೆಳ್ಳಿಯ ಮೇಲೆ ಇಂದಿಗೂ ಉಂಟು.

ನೂರಕ್ಕೆ 92.5 ಪಾಲು ಶುದ್ಧವೆಂದು ಹೆಸರಾಗಿದ್ದ ಬೆಳ್ಳಿಗೆ ಎಂಟನೆಯ ಹೆನ್ರಿ 1544ರಿಂದ ತಾಮ್ರ ಬೆರೆಸುತ್ತ ಹೋದನು. ಎರಡೇ ವರ್ಷಗಳಲ್ಲಿ ಬೆಳ್ಳಿ ಮೂರನೆಯ ಒಂದು ಪಾಲಿಗೆ ಇಳಿಯಿತು. ನಾಣ್ಯ ಸವೆದಂತೆ ಅರಸನ ಮೂಗಿನ ಮೇಲೆ ಮೊದಲು ತಾಮ್ರ ಇಣಿಕುತ್ತಿತ್ತು. ಜನ ಅವನನ್ನು ತಾಮ್ರಮೂಗಿನ ಮುದುಕನೆಂದೇ ಕರೆದರು!

ಸುತ್ತಿಗೆಯಿಂದ ಬಡಿದ ನಾಣ್ಯದ ಅಂಚು ಕತ್ತರಿಸಿ ಬೆಳ್ಳಿ ಕದಿಯುವುದು ಸುಲಭವಾಗಿತ್ತು. ಅದನ್ನು ತಡೆಯಲು 1662ರಿಂದ ಯಂತ್ರದ ಅಚ್ಚು ಬಂದು, ಐದು ಶಿಲ್ಲಿಂಗಿನ ಕ್ರೌನಿನ ಅಂಚಿಗೆ 'ಅಲಂಕಾರವೂ ರಕ್ಷಣೆಯೂ' ಎಂಬರ್ಥದ ಲ್ಯಾಟಿನ್ ಮಾತು ಏರಿತು. ಹಳೆಯವು ಮಾತ್ರ ಚಲಾವಣೆಯಲ್ಲಿಯೇ ಉಳಿದು ಅರ್ಧ ತೂಕಕ್ಕೆ ಇಳಿದವು. 1696ರಲ್ಲಿ ಸರಕಾರ ಅವನ್ನು ಹಿಂದಕ್ಕೆ ಪಡೆಯಿತು. ಕಂದಾಯ ಕಟ್ಟುವವರಿಂದ ಮೇ 4ರ ವರೆಗೆ ಪೂರ್ಣ ಬೆಲೆಗೆ. ಕಂದಾಯ ಕಟ್ಟುವಷ್ಟು ಆಸ್ತಿಯೇ ಇಲ್ಲದ ಕೂಲಿಯವನ ಗತಿ? ಅವನ ಕೈಯ ಕಾಸು ಕಾಸಾಗಿ ಉಳಿಯಲಿಲ್ಲ. ಕೆಲವೆಡೆ ದೊಂಬಿಗಳೂ ಆದವು. ಅದೇ ವರ್ಷ ಟಂಕಸಾಲೆಗೆ ಅಧಿಕಾರಿಯಾಗಿ ಬಂದವರು ವಿಜ್ಞಾನಿ ಐಸಾಕ್ ನ್ಯೂಟನ್. ಆಗ ಬ್ರಿಸ್ಟಲ್, ಚೆಸ್ಟರ್, ಎಕ್ಸೆಟರ್, ನಾರ್ವಿಚ್, ಯಾರ್ಕ್ ಊರುಗಳಲ್ಲಿಯೂ ಟಂಕಸಾಲೆ ತೆರೆದರು. ರಾಜನ ಮುಖದ ಕೆಳಗಿನ ಒಂದೇ ಅಕ್ಷರ ಊರನ್ನು ತಿಳಿಸುತ್ತದೆ. ಸಂಗ್ರಹಕಾರರ ಕಣ್ಣು ಮೊದಲು ಓಡುವುದು ಅಲ್ಲಿಗೆ.

ಈಸ್ಟ್ ಇಂಡಿಯಾ ಕಂಪನಿಯ ಮೊದಲ ಯಾನಕ್ಕೆಂದು ಎಲಿಜಬೆತ್ ರಾಣಿಯ ಕಾಲದಲ್ಲಿ, 1600-01ರಲ್ಲಿ, ಹೊಡೆದ ನಾಣ್ಯ ಬಹು ಅಪರೂಪದ್ದು. ಅದರ ಒಂದು ಬದಿಗೆ ಕೋಟೆಬಾಗಿಲಿನ ಜಾಲರಿಯುಂಟು. ಸ್ಪೇನಿನ ಬೆಳ್ಳಿಗೆ ಒಗ್ಗಿದ್ದ ಪೂರ್ವದೇಶದ ವರ್ತಕರು ಅದನ್ನು ಮನ್ನಿಸಲಿಲ್ಲ.

ಇನ್ನು ಕೊಳ್ಳುವ ಮಾತು. ಬೋನಸ್ಸಿನ ಹಣ ಹಿಡಿದು ಫುಟ್‌ಪಾತಿನ 'ರಾಣಿ ಛಾಪಿನ' ಕ್ರೌನಿಗೆ ಮರುಳಾಗಬೇಡಿ. ಅಂಚಿನ ಸುತ್ತ ಬೆಸುಗೆಯ ಗೆರೆ, ಮೈಮೇಲೆ ಸಣ್ಣ ಗುಳಿಗಳು ಕಂಡರೆ ಅದು ಎರಕದ ನಕಲಿಯೆಂದು ತಿಳಿಯಿರಿ. ವಿಕ್ಟೋರಿಯಾ ಕಾಲದ ಕ್ರೌನ್ 28 ಗ್ರಾಂಗೆ ತುಸು ಮೇಲೆ, ಶಿಲ್ಲಿಂಗು 5.65 ಗ್ರಾಂ ತೂಗಬೇಕು. 1920ರಿಂದ ಅರ್ಧವೇ ಬೆಳ್ಳಿ. 1947ರಿಂದ ಚಲಾವಣೆಯ ನಾಣ್ಯದಲ್ಲಿ ಬೆಳ್ಳಿಯೇ ಇಲ್ಲ. ಕೊಂಡದ್ದನ್ನು ಮನೆಯಲ್ಲಿ ದೀಪದ ಕಂಬಕ್ಕೆ ಮಾಡುವಂತೆ ಹುಣಸೆಹಣ್ಣು ಹಚ್ಚಿ ತಿಕ್ಕದಿರಿ. ಕಪ್ಪು ಹೋದೊಡನೆ ಬೆಲೆಯೂ ಇಳಿಯುತ್ತದೆ. ಮೊದಲಿಗೆ ಮೂರನೆಯ ಜಾರ್ಜನ 1816ರ ಶಿಲ್ಲಿಂಗೊಂದು ಸಾಕು. ಹೇರಳವಾಗಿ ಹೊಡೆದದ್ದರಿಂದ ಸವೆದದ್ದು ಕಡಿಮೆ ಬೆಲೆಗೆ ದೊರೆಯುತ್ತದೆ.