ಎಣಿಕೆಯೂ ವಂತಿಗೆಯೂ



ಕುಂದಾಪುರದಿಂದ ಹೊಳೆಯ ಸೇತುವೆಯನ್ನು ದಾಟಿ ಉತ್ತರಾಭಿಮುಖವಾಗಿ ಹೊರಟವರಿಗೆ ತಲ್ಲೂರು ಬಹು ಬೇಗನೆ ಸಿಕ್ಕುತ್ತದೆ. ಅದರ ಮುಂದೆ ಹೆಮ್ಮಾಡಿ. ಸೌಪರ್ಣಿಕಾ, ಚಕ್ರಾ, ವಾರಾಹೀ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡಿ ಗಂಗೊಳ್ಳಿಯ ಬಳಿ ಕಡಲನ್ನು ಸೇರುವ ಪಂಚಗಂಗಾವಳಿಯ ಸೀಮೆಯಿದು. ನೀರಿನ ಇಳಿತದ ಹೊತ್ತಿಗೆ ಇಂಥ ಅಳಿವೆಗಳಲ್ಲಿ ಕೆಸರು ಬಯಲಾಗುತ್ತದೆ. ಬೆಳ್ಳಕ್ಕಿಯೂ ಕೊಳಬಕವೂ ಅಲ್ಲಿ ಕಾಲೂರುತ್ತವೆ; ಮೇಲೆ ಗರುಡನು ಸುತ್ತುತ್ತಿರುತ್ತಾನೆ; ಚಳಿಗಾಲದಲ್ಲಿ ಉತ್ತರ ಏಷ್ಯದ ದೂರದೇಶಗಳಿಂದ ಬಂದ ಗೊರವಗಳು ಕೆಸರನ್ನು ಕೊಕ್ಕಿನಿಂದ ಕೆದಕಿ ಹುಳುಗಳನ್ನು ಹೆಕ್ಕುತ್ತವೆ. ಇಂಥ ಊರಿನಲ್ಲಿ ಹತ್ತು ಮಂದಿ ಸೇರಿ ಒಂದು ಪಕ್ಷಿವೀಕ್ಷಣ ಸಂಘವನ್ನು ಕಟ್ಟುವುದಾದರೆ, ಅವರು ಮಾಡತಕ್ಕ ಕೆಲಸವೇನು, ಅದಕ್ಕೆ ಹಣವನ್ನು ಕೂಡಿಸತಕ್ಕ ಬಗೆ ಯಾವುದು ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ಕೆಲಸದಲ್ಲಿ ಮೊದಲನೆಯದು ನಿಯಮದಿಂದ ಹೋಗುವುದು. ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾದ ಪಕ್ಷಿವೀಕ್ಷಕರ ಸಂಘವು ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ವಾಡಿಕೆಯನ್ನಿಟ್ಟುಕೊಂಡಿತು. ಒಂದು ದಿನದ ಉತ್ಸಾಹದಿಂದ ತಿಳಿಯುವುದು ಕಡಮೆ. ಅದೇ ಸ್ಥಳಕ್ಕೆ ವರ್ಷಗಟ್ಟಲೆ ಹೋಗಿ ಬರೆದಿಟ್ಟಾಗ, ಯಾವ ಹಕ್ಕಿ ಯಾವ ತಿಂಗಳಲ್ಲಿ ಬಂದಿತು, ಯಾವುದು ಬರುವುದನ್ನು ನಿಲ್ಲಿಸಿತು ಎಂಬುದು ತಾನಾಗಿ ಗೋಚರಿಸುತ್ತದೆ. ಏಷ್ಯದ ಅನೇಕ ದೇಶಗಳಲ್ಲಿ ನೀರುಹಕ್ಕಿಗಳ ಗಣತಿಯು 1987ರಿಂದ ಜನವರಿ ತಿಂಗಳಲ್ಲಿ ನಡೆಯುತ್ತ ಬಂದಿದೆ. ಹಳ್ಳಿಯ ಸಂಘವೊಂದರ ಪುಸ್ತಕಕ್ಕೂ ಅದರಲ್ಲಿ ಸ್ಥಾನವುಂಟು.

ಎಣಿಸುವುದಕ್ಕೂ ಒಂದು ಕ್ರಮವಿದೆ. ಇಳಿತದಲ್ಲಿ ಹಕ್ಕಿಗಳು ಕೆಸರಿನ ತುಂಬ ಚದರಿಹೋಗುತ್ತವೆ. ಉಬ್ಬರ ಬಂದಾಗ ಕೆಸರು ಮುಳುಗುವುದರಿಂದ ಯಾವುದಾದರೊಂದು ಒಣದಿಣ್ಣೆಯ ಮೇಲೆ ಗುಂಪುಗೂಡುತ್ತವೆ. ಆದುದರಿಂದ ಉಬ್ಬರದ ವೇಳೆಯೇ ಎಣಿಕೆಗೆ ಅನುಕೂಲ. ಗುಂಪು ದೊಡ್ಡದಾದರೆ ಮೊದಲು ಹತ್ತು ಹಕ್ಕಿಗಳನ್ನು ಬಿಡಿಬಿಡಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗವನ್ನು ಹಿಡಿದಿವೆಯೆಂದು ಕಣ್ಣಿನಿಂದ ಅಳೆದು, ಅದೇ ಅಳತೆಯಿಂದ ಉಳಿದವನ್ನು ಲೆಕ್ಕ ಹಾಕುವುದು ರೂಢಿ. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತಿರ ಹೋಗಿ ಅವನ್ನು ಹಾರಿಸಬಾರದು. ಸಾವಿರಾರು ಮೈಲಿ ಹಾರಿ ಬಂದ ಜೀವಕ್ಕೆ ಆ ವಿಶ್ರಾಂತಿಯೇ ಅನ್ನಕ್ಕೆ ಸಮ.

ಇನ್ನು ಹಣದ ಮಾತು. ಸಂಘಕ್ಕೆ ಬೇಕಾದುದು ಒಂದೆರಡು ದುರ್ಬೀನು, ಹಕ್ಕಿಗಳ ಚಿತ್ರವುಳ್ಳ ಪುಸ್ತಕ, ಮಕ್ಕಳನ್ನು ಕರೆದೊಯ್ಯುವ ಬಸ್ಸಿನ ಬಾಡಿಗೆ, ಇಷ್ಟೆ. ಇದಕ್ಕೆ ವಿದೇಶಗಳಲ್ಲಿ ಒಂದು ಸೊಗಸಾದ ಉಪಾಯ ಬಳಕೆಯಲ್ಲಿದೆ. ಕೆನಡಾ ದೇಶದಲ್ಲಿ 1976ರಿಂದಲೂ, ಅಮೆರಿಕದ ನ್ಯೂಜೆರ್ಸಿಯಲ್ಲಿ 1984ರಿಂದಲೂ ಇದು ನಡೆದುಬಂದಿದೆ. ಇಪ್ಪತ್ತನಾಲ್ಕು ಗಂಟೆಗಳೊಳಗೆ ವೀಕ್ಷಕರು ಎಷ್ಟು ಜಾತಿಯ ಹಕ್ಕಿಗಳನ್ನು ಕಾಣುತ್ತಾರೋ, ಜಾತಿಯೊಂದಕ್ಕೆ ಇಷ್ಟು ಎಂದು ಪೋಷಕರು ವಂತಿಗೆ ಕೊಡುತ್ತಾರೆ. ನಡೆದು ದಣಿದವನಿಗೆ ಉಲ್ಲಾಸ, ಕೊಟ್ಟವನಿಗೆ ಕುತೂಹಲ, ಸಂಘಕ್ಕೆ ದ್ರವ್ಯ.

ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ. ಜಾತಿಗೆ 10 ರೂಪಾಯಿಯಂತೆ ಕೊಡುವ ಪೋಷಕರು ಐವರಿದ್ದಾರೆಂದು ಭಾವಿಸೋಣ. ಅರವತ್ತು ಜಾತಿ ಕಂಡರೆ 3,000 ರೂಪಾಯಿ ಕೂಡಿತು. ಅರವತ್ತೊಂದನೆಯದಾಗಿ ಸಂಜೆಯ ಮಬ್ಬಿನಲ್ಲಿ ದೂರದ ದಿಣ್ಣೆಯ ಮೇಲೆ ಒಂದು ಕಂದು ಗೊರವ ಕಂಡಿತು. ಗೊರವಗಳಲ್ಲಿ ಹಲವು ಜಾತಿಗಳು ಚಳಿಗಾಲದ ಗರಿಯಲ್ಲಿ ಒಂದನ್ನೊಂದು ಹೋಲುತ್ತವೆ, ಬಲ್ಲವರೂ ತಬ್ಬಿಬ್ಬಾಗುತ್ತಾರೆ. ಈಗ ಆ ಸಂಶಯಕ್ಕೆ 50 ರೂಪಾಯಿಯ ಬೆಲೆ ಬಂದಿತು! ಮನುಷ್ಯನ ಕಣ್ಣು ತನಗೆ ಬೇಕಾದುದನ್ನು ಬೇಗ ಕಾಣುತ್ತದೆ. ಸುಳ್ಳಾಡಬೇಕೆಂಬ ಬುದ್ಧಿ ಯಾರಿಗೂ ಇಲ್ಲದಿದ್ದರೂ, ಒಳ್ಳೆಯ ಕಾರ್ಯಕ್ಕಾಗಿಯೇ ತಾನೇ ಎಂಬ ಸಮಾಧಾನದಿಂದ ಪಟ್ಟಿ ಉದ್ದವಾಗುತ್ತದೆ.

ಇದಕ್ಕೆ ಪರಿಹಾರವನ್ನು ಕರಾವಳಿಯವರು ಬೇರೆಲ್ಲೂ ಹುಡುಕಬೇಕಾಗಿಲ್ಲ. ಹರಕೆಯ ಬಯಲಾಟವನ್ನು ಆಡಿಸುವ ಗೃಹಸ್ಥನು ಮೇಳಕ್ಕೆ ಒಂದು ರಾತ್ರಿಯ ಆಟಕ್ಕೆಂದು ಹಣ ಕೊಡುತ್ತಾನೆಯೇ ಹೊರತು, ಭಾಗವತರ ಪದ್ಯವೊಂದಕ್ಕೆ ಇಷ್ಟೆಂದು ಅಳೆದು ಕೊಡುವುದಿಲ್ಲ. ಹಾಗೆಯೇ ಪಕ್ಷಿಸಂಘಕ್ಕೆ ಕೊಡುವವರೂ ಒಂದು ದಿನದ ಎಣಿಕೆಗೆಂದು ಕೊಡಲಿ. ಹಕ್ಕಿ ನೂರು ಕಂಡರೂ ಅಷ್ಟೇ, ನಾಲ್ಕು ಕಂಡರೂ ಅಷ್ಟೇ. ಇಬ್ಬರು ಒಪ್ಪದ ಹಕ್ಕಿಯನ್ನು ‘ಗೊರವ, ಜಾತಿ ತಿಳಿಯದು’ ಎಂದು ಬರೆಯಲಿ. ವರ್ಷದ ಕೊನೆಗೆ ಹಣದ ಲೆಕ್ಕವನ್ನೂ ಹಕ್ಕಿಯ ಲೆಕ್ಕವನ್ನೂ ಒಂದೇ ಸಭೆಯಲ್ಲಿ ಓದಿ ಹೇಳಲಿ.

ಕೂಡಿದ ಹಣವು ಹಕ್ಕಿಯ ನೆರೆಹೊರೆಯವರನ್ನೂ ಮರೆಯಬಾರದು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಪಕ್ಕದ ಹುಣಿಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಹುಣಿಸೆಯ ಫಸಲಿಗಾದ ನಷ್ಟಕ್ಕೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿಯನ್ನು ಅರಣ್ಯ ಇಲಾಖೆಯು ತಂದಿತು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನವರದೇ ಆದ ಹೆಜ್ಜಾರ್ಲೆ ಬಳಗವು ಸಾಕಿತು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಳಿವೆಯ ದಡದಲ್ಲಿ ಬಲೆ ಬೀಸುವವರನ್ನೂ ಚಿಪ್ಪು ಹೆಕ್ಕುವವರನ್ನೂ ಹೊರಗಿಟ್ಟು ಕಟ್ಟಿದ ಸಂಘ ಬಾಳಲಾರದು. ಹಕ್ಕಿ ಬಂದ ದಿನವನ್ನು ಮೊದಲು ಅರಿಯುವವರು ಅವರೇ ಅಲ್ಲವೇ?

ಇಷ್ಟೊಂದು ಕಟ್ಟುನಿಟ್ಟು ಏತಕ್ಕೆಂದು ಕೇಳಬಹುದು. ಡಾಕ್ಟರ್ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷಿಸಿ ಹೇಳಿದ ಮಾತನ್ನು ನಂಬಿ, 1940ರಲ್ಲಿ ಸರ್ಕಾರವು ರಂಗನತಿಟ್ಟನ್ನು ಪಕ್ಷಿಧಾಮವನ್ನಾಗಿ ಮಾಡಿತು. ನಂಬಿಕೆಗೆ ಅರ್ಹವಾದ ಮಾತಿಗೆ ಆ ಶಕ್ತಿಯುಂಟು. ನಾಳೆ ಪಂಚಗಂಗಾವಳಿಯ ಯಾವುದೋ ದಡವನ್ನು ಮಣ್ಣಿನಿಂದ ತುಂಬಬೇಕೆಂಬ ಪ್ರಸ್ತಾಪ ಬಂದರೆ, ಹಕ್ಕಿಯ ಪರವಾಗಿ ಸಾಕ್ಷಿ ಹೇಳಬೇಕಾದುದು ಈ ಪುಸ್ತಕವೊಂದೇ. ಅದರಲ್ಲಿ ಒಂದು ಹಕ್ಕಿ ಸುಳ್ಳೆಂದು ತೋರಿದರೆ ಉಳಿದ ಸಾವಿರವನ್ನೂ ಯಾರೂ ನಂಬುವುದಿಲ್ಲ. ವಂತಿಗೆ ಕಡಮೆಯಾದರೆ ಬರುವ ವರ್ಷ ಕೂಡಿಸಬಹುದು. ಕೆಟ್ಟ ಎಣಿಕೆಯನ್ನು ಮರಳಿ ಹೋಗಿ ಎಣಿಸಲಾಗದು, ಆ ಹಕ್ಕಿಗಳು ಅಷ್ಟರಲ್ಲಿ ಹಾರಿಹೋಗಿರುತ್ತವೆ.