ವ್ಯಾಪಾರದ ಅನ್ನ, ದಾನದ ಕೈ



ಹಸಿದವರಿಗೆ ಅನ್ನವಿಡುವುದು ಪುಣ್ಯವೆಂದು ಈ ಸಭೆಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಆದರೆ ಹಸಿದ ಕೂಸಿನ ಅನ್ನವನ್ನೇ ತಯಾರಿಸಿ ಮಾರುವವನು ಯಾವ ಮಾರ್ಗದಲ್ಲಿ ನಡೆಯತಕ್ಕದ್ದೆಂಬ ಪ್ರಶ್ನೆಯು ಅಷ್ಟು ಸುಲಭವಾದುದಲ್ಲ. ಫ್ರಾನ್ಸ್ ದೇಶದ ಒಂದು ಸಣ್ಣ ಉದ್ಯಮದ ವೃತ್ತಾಂತವು ಇದನ್ನು ವಿಶದಪಡಿಸುವುದು.

1986ನೆಯ ಇಸವಿಯಲ್ಲಿ ಮಿಶೆಲ್ ಲೆಸ್ಕಾನ್ ಎಂಬವರು ನಾರ್ಮಂಡಿ ಪ್ರಾಂತದಲ್ಲಿ ನ್ಯೂಟ್ರಿಸೆಟ್ ಎಂಬ ಉದ್ಯಮವನ್ನು ಸ್ಥಾಪಿಸಿದರು. ಆಹಾರವಿಲ್ಲದೆ ಕೃಶವಾದ ಶಿಶುಗಳಿಗೆ ತಕ್ಕ ಪಥ್ಯವನ್ನು ಒದಗಿಸುವುದೇ ಅದರ ಕೆಲಸ. ಆಗ ಇಂತಹ ಶಿಶುಗಳಿಗೆ ಹಾಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೊಡುತ್ತಿದ್ದರು. ದೋಷವು ಪುಡಿಯಲ್ಲಿರಲಿಲ್ಲ, ನೀರಿನಲ್ಲಿತ್ತು. ಕೆಟ್ಟ ನೀರಿನಿಂದ ಪಥ್ಯವೇ ರೋಗಕ್ಕೆ ಕಾರಣವಾಗುವ ಭಯವಿದ್ದುದರಿಂದ ತಾಯಿಯು ಕೂಸಿನೊಡನೆ ವಾರಗಟ್ಟಲೆ ಚಿಕಿತ್ಸಾಲಯದಲ್ಲಿಯೇ ಇರಬೇಕಾಗುತ್ತಿತ್ತು. ಹೊಲದ ಕೆಲಸವನ್ನೂ ಮನೆಯಲ್ಲುಳಿದ ಮಕ್ಕಳನ್ನೂ ಬಿಟ್ಟು ಬರಲು ಎಲ್ಲ ತಾಯಂದಿರಿಗೂ ಸಾಧ್ಯವಾದೀತೇ?

1996ರಲ್ಲಿ ಲೆಸ್ಕಾನ್ ಅವರೂ ವೈದ್ಯರಾದ ಆಂಡ್ರೆ ಬ್ರಿಯಾಂ ಅವರೂ ಈ ತೊಡಕಿಗೆ ಪರಿಹಾರವನ್ನು ಕಂಡರು. ಹಾಲಿನ ಪುಡಿಯ ಒಂದು ಭಾಗಕ್ಕೆ ಬದಲಾಗಿ ಅರೆದ ಶೇಂಗಾವನ್ನು ಸೇರಿಸಿ, ಎಣ್ಣೆ, ಸಕ್ಕರೆ, ಜೀವಸತ್ತ್ವ, ಲವಣಗಳೊಡನೆ ಗಟ್ಟಿ ಲೇಹ್ಯದಂತೆ ಮಾಡಿದರು. ಇದಕ್ಕೆ ಪ್ಲಂಪಿ ನಟ್ ಎಂದು ಹೆಸರು. 92 ಗ್ರಾಂ ತೂಕದ ಒಂದು ಪೊಟ್ಟಣವು 500 ಕಿಲೋ ಕ್ಯಾಲರಿ ಶಕ್ತಿಯನ್ನು ಕೊಡುವುದು. ಇದಕ್ಕೆ ನೀರು ಬೇಡ, ಬೆಂಕಿ ಬೇಡ. ಪೊಟ್ಟಣವನ್ನು ಹರಿದು ತಾಯಿಯು ಮನೆಯಲ್ಲಿಯೇ ತಿನ್ನಿಸಬಹುದು.

2005ರಲ್ಲಿ ಆಫ್ರಿಕಾ ಖಂಡದ ನೈಜರ್ ದೇಶದಲ್ಲಿ ಆಹಾರದ ಸಂಕಟವುಂಟಾದಾಗ ಇದರ ಪರೀಕ್ಷೆಯಾಯಿತು. ಗಡಿಗಳಿಲ್ಲದ ವೈದ್ಯರು ಎಂಬ ಸೇವಾಸಂಸ್ಥೆಯವರು, ಲೋಕದ ಉದಾರಿಗಳಿತ್ತ ಹಣದ ಬಲದಿಂದ, ಅಲ್ಲಿ ಸುಮಾರು 60,000 ಕೃಶ ಶಿಶುಗಳಿಗೆ ಚಿಕಿತ್ಸೆಯನ್ನು ನಡೆಸಿದರು. ಬೇರೆ ವ್ಯಾಧಿಯಿಲ್ಲದೆ, ತಿನ್ನುವ ಇಚ್ಛೆಯುಳ್ಳ ಕೂಸುಗಳನ್ನು ಪೊಟ್ಟಣಗಳೊಡನೆ ಮನೆಗೆ ಕಳುಹಿಸಿದರು. ವ್ಯಾಧಿಗ್ರಸ್ತವಾದವುಗಳನ್ನು ಮಾತ್ರ ಚಿಕಿತ್ಸಾಲಯದಲ್ಲಿರಿಸಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಮೊದಲಾದವೂ ಈ ಕ್ರಮವನ್ನು ಅಂಗೀಕರಿಸಿದವು.

ಇಲ್ಲಿಯೇ ಧರ್ಮಸಂಕಟವು ತಲೆದೋರಿತು. ಈ ಪಥ್ಯದ ಮೇಲೆ ಪೇಟೆಂಟ್ ಎಂಬ ಏಕಸ್ವಾಮ್ಯದ ಹಕ್ಕನ್ನು ನ್ಯೂಟ್ರಿಸೆಟ್ಟೂ ಫ್ರಾನ್ಸಿನ ಒಂದು ಸರಕಾರಿ ಸಂಶೋಧನಾಲಯವೂ ಹೊಂದಿದ್ದವು. ಪ್ರಾಣ ಉಳಿಸುವ ಅನ್ನಕ್ಕೆ ಬೇಲಿಯೇಕೆಂದು ಹಲವರು ಕೇಳಿದರು. ಅಮೇರಿಕದ ಎರಡು ಸಂಸ್ಥೆಗಳು ನ್ಯಾಯಾಲಯಕ್ಕೂ ಹೋದವು. ಹಕ್ಕಿಲ್ಲದಿದ್ದರೆ ಶ್ರೀಮಂತ ದೇಶಗಳ ದೊಡ್ಡ ಕಾರ್ಖಾನೆಗಳು ಬಡ ದೇಶಗಳ ಸಣ್ಣ ಕಾರ್ಖಾನೆಗಳನ್ನು ಮುಳುಗಿಸುವವೆಂಬುದು ಉದ್ಯಮದವರ ಉತ್ತರ. ಈ ಮಾತು ಕೇವಲ ನೆವವೆನ್ನಲಾಗದು. ನೈಜರಿನ ನಿಯಾಮೆ ನಗರದಲ್ಲಿ ಆ ದೇಶದವರೇ ಇದನ್ನು ತಯಾರಿಸತೊಡಗಿದ್ದರು. ಆದರೂ ಆಕ್ಷೇಪಿಸಿದವರ ಮಾತು ವ್ಯರ್ಥವಾಗಲಿಲ್ಲ. 2010ರಲ್ಲಿ ಬಡ ದೇಶಗಳ ತಯಾರಕರು ಸರಳವಾದ ಒಪ್ಪಂದದ ಮೂಲಕ, ವಹಿವಾಟಿನ ನೂರಕ್ಕೆ 1ರಷ್ಟನ್ನು ಸಂಶೋಧನೆಗೆ ಕೊಟ್ಟು, ಹಕ್ಕನ್ನು ಬಳಸುವಂತೆ ದಾರಿ ತೆರೆಯಲಾಯಿತು. ಈಗ ಆ ಹಕ್ಕಿನ ಅವಧಿಯೇ ತೀರಿಹೋಗಿದೆ.

ಇದರಿಂದ ತಿಳಿಯತಕ್ಕುದೇನು? ಲಾಭವೆಲ್ಲವೂ ಪಾಪವಲ್ಲ, ಲಾಭವಿಲ್ಲದೆ ಕಾರ್ಖಾನೆಯು ನಿಂತರೆ ಕೂಸಿಗೆ ಪೊಟ್ಟಣವೂ ಇಲ್ಲ. ಆದರೆ ಕೂಸಿನ ಹಸಿವು ಯಾರ ಸ್ವತ್ತೂ ಅಲ್ಲ. ಬುದ್ಧಿಯಿಂದ ಕಂಡುಹಿಡಿದವರು, ದೂರದಿಂದ ಹಣವಿತ್ತವರು, ತೋಳನ್ನು ಅಳೆದು ಕೃಶತೆಯನ್ನು ಗುರುತಿಸಿದವರು, ರಾತ್ರಿಯೆದ್ದು ಬೆರಳಿನಿಂದ ತಿನ್ನಿಸಿದ ತಾಯಿ, ಇವರಲ್ಲಿ ಒಬ್ಬರು ತಪ್ಪಿದರೂ ಕಾರ್ಯವು ಕೆಡುವುದು. ಆದುದರಿಂದ ದಾನ ಮಾಡುವವರು ಎಷ್ಟು ಕೊಟ್ಟೆವೆಂದು ಎಣಿಸುವುದಕ್ಕೆ ಮೊದಲು, ಕೊಟ್ಟುದು ಆ ಮನೆಯ ನೀರಿಗೂ ಆ ತಾಯಿಯ ದಿನಚರ್ಯೆಗೂ ಹೊಂದುವುದೇ ಎಂದು ವಿಚಾರಿಸತಕ್ಕದ್ದು. ಹಾಗೆ ವಿಚಾರಿಸಿ ಕೊಟ್ಟ ಹಿಡಿಯನ್ನವು ಸಮುದ್ರವನ್ನು ದಾಟಿಯೂ ಕೂಸಿನ ಬಾಯಿಗೆ ತಲಪುವುದು.