ಹೆಪ್ಪು ಮತ್ತು ಹಸುಳೆ

(ಸಂಘದ ವಾರ್ಷಿಕೋತ್ಸವದ ನಿಮಿತ್ತ ವಿಜಾಪುರ ರಸ್ತೆಯ ಸಭೆಯಲ್ಲಿ ಮಾಡಿದ ಭಾಷಣ)



ಭಾಷಾಭಿಮಾನದ ವೇದಿಕೆಯಲ್ಲಿ ಮಕ್ಕಳ ಹೊಟ್ಟೆಯ ಮಾತೇಕೆಂದು ತಾವು ಕೇಳಬಹುದು. ನಾಳೆ ಕನ್ನಡವನ್ನು ಆಡಬೇಕಾದ ಕೂಸು ಇಂದು ಉಂಡು, ಅರಗಿಸಿಕೊಂಡು, ಬೆಳೆಯಬೇಕು. ಅದಕ್ಕೆ ಬೇಕಾದ ತಿಳಿವಳಿಕೆ ತಾಯಿಗೆ ಅವಳ ನುಡಿಯಲ್ಲಿಯೇ ದೊರೆಯಬೇಕು. ಆದುದರಿಂದಲೇ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ನಾವು 'ಹೆಪ್ಪು' ಎನ್ನುವುದನ್ನು ನೆರೆಯ ಮರಾಠಿಗರು 'ವಿರಜಣ' ಎನ್ನುತ್ತಾರೆ. ಸೊಲ್ಲಾಪುರದ ತೆಲುಗು ನೇಕಾರರು 'ತೋಡು' ಎನ್ನುತ್ತಾರೆ. ಹೆಸರು ಮೂರಾದರೂ ಕೆಲಸ ಒಂದೇ. ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ಹಾಲಿಗೆ ಚಮಚದಷ್ಟು ಹೆಪ್ಪು ಬಿದ್ದರೆ, ಅದರೊಳಗಿನ ಜೀವಾಣುಗಳು ಹಾಲಿನ ಸಕ್ಕರೆಯನ್ನುಂಡು ಹುಳಿಯನ್ನು ಹುಟ್ಟಿಸುತ್ತವೆ. ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಸಕ್ಕರೆ ಕೊಂಚ ಕಡಿಮೆಯಾಗುವುದರಿಂದ ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುತ್ತದೆ.

1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೆಚ್ನಿಕಾಫ್ ಎಂಬ ವಿಜ್ಞಾನಿ, ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಮೊಸರೇ ಕಾರಣವೆಂದು ನಂಬಿದ್ದನು. ಆ ನಂಬಿಕೆ ಸಿದ್ಧವಾಗಲಿಲ್ಲ. ಆದರೆ ಹಿತಕಾರಿ ಜೀವಾಣುಗಳ ವಿಚಾರ ಅಲ್ಲಿಂದ ಬೆಳೆಯಿತು. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಟಿಸಿಯೆ ಎಂಬ ವೈದ್ಯನು ಎದೆಹಾಲುಣ್ಣುವ ಶಿಶುಗಳ ಮಲದಲ್ಲಿ ಕವಲೊಡೆದ ಆಕಾರದ ಜೀವಾಣುಗಳನ್ನು ಕಂಡನು. ತಾಯಿಯ ಹಾಲಿನಲ್ಲಿ ಕೂಸಿಗೆ ಅರಗದ, ಈ ಜೀವಾಣುಗಳಿಗೆ ಆಹಾರವಾಗುವ ಸಕ್ಕರೆಗಳಿವೆಯೆಂದು ಈಗ ತಿಳಿದಿದೆ. ತಾಯಿ ಕೂಸಿನೊಡನೆ ಅದರ ಕರುಳಿನ ಅತಿಥಿಗಳಿಗೂ ಉಣಿಸುತ್ತಾಳೆ!

ಈಗ ಔಷಧದಂಗಡಿಗಳಲ್ಲಿ 'ಪ್ರೋಬಯಾಟಿಕ್' ಪೊಟ್ಟಣಗಳು ದೊರೆಯುತ್ತವೆ. ಅವೆಲ್ಲ ವ್ಯರ್ಥವೆಂದು ನಾವು ಹೇಳುವುದಿಲ್ಲ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ಬಗೆಯ ಜೀವಾಣುವನ್ನು ಕೊಟ್ಟುದರಿಂದ ರಕ್ತದ ನಂಜು ಮತ್ತು ಸಾವು ಒಟ್ಟಿನಲ್ಲಿ ಶೇಕಡಾ 40ರಷ್ಟು ತಗ್ಗಿದವು. ಆದರೆ ಅಮೆರಿಕೆಯಲ್ಲಿ ವಾಂತಿಭೇದಿಯಾದ 971 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇನ್ನೊಂದು ಬಗೆಯ ಜೀವಾಣುವಿನಿಂದ ಗುಣ ಕಾಣಲಿಲ್ಲ. ಎಲ್ಲ ಜೀವಾಣುವೂ ಎಲ್ಲ ಬೇನೆಗೂ ಮದ್ದಲ್ಲ. ವೈದ್ಯರನ್ನು ಕೇಳದೆ ಪೊಟ್ಟಣಕ್ಕೆ ಹಣ ಸುರಿಯಲಾಗದು.

ಹಾಗಾದರೆ ಮಾಡಬೇಕಾದುದೇನು? ಆರು ತಿಂಗಳವರೆಗೆ ಎದೆಹಾಲು ಮಾತ್ರ. ಬಳಿಕ ಎದೆಹಾಲಿನೊಡನೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚಿಗೆ ತಾಜಾ ಮೊಸರು ಕಲಸಿ ಉಣಿಸಬಹುದು. ಮೊಸರಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ಬೇಳೆ, ಸೊಪ್ಪು, ಒಗ್ಗುವವರಿಗೆ ತತ್ತಿಯೂ ಬೇಕು. ಕುದಿಸಿದ ಮಜ್ಜಿಗೆಯಲ್ಲಿ ರುಚಿ ಉಳಿದೀತು, ಜೀವಾಣು ಉಳಿಯದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮೊಸರು ಬೇಗ ಹುಳಿಯುತ್ತದೆ. ಆದುದರಿಂದ ದಿನದಿನವೂ ಹೊಸ ಹೆಪ್ಪು, ತೊಳೆದ ಪಾತ್ರೆ, ತೊಳೆದ ಕೈ.

ಆದರೆ ಭೇದಿ ಹತ್ತಿದ ಕೂಸಿಗೆ ಮೊಸರೊಂದೇ ಸಾಲದು. ಅದರ ಜೀವವನ್ನು ಉಳಿಸುವುದು ಓ.ಆರ್.ಎಸ್. ಪುಡಿಯ ನೀರು. 1971ರಲ್ಲಿ ಡಾ. ದಿಲೀಪ ಮಹಾಲನಬಿಸ್ ಅವರು ಬಂಗಾಳದ ಬನಗಾಂವದ ನಿರಾಶ್ರಿತರ ನಡುವೆ ಇದನ್ನು ತೋರಿಸಿಕೊಟ್ಟರು. ದೊಡ್ಡ ಪೊಟ್ಟಣಕ್ಕೆ 1 ಲೀಟರು ನೀರು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಕೂಸಿಗೇ ಅಪಾಯ. ಜೊತೆಗೆ ವೈದ್ಯರು ಹೇಳಿದಷ್ಟು ದಿನ ಸತುವಿನ ಗುಳಿಗೆ, ಎದೆಹಾಲನ್ನು ನಿಲ್ಲಿಸಕೂಡದು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಕೂಸು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆ ಒಂದು ಲೀಟರಿನ ಮಾತು ಪೊಟ್ಟಣದ ಮೇಲೆ ಅಚ್ಚಾಗಿದೆ. ಆದರೆ ಕನ್ನಡವನ್ನು ಮಾತ್ರ ಬಲ್ಲ ಅಕ್ಕಲಕೋಟೆಯ ತಾಯಿ ಇಂಗ್ಲಿಷಿನ ಆ ಬರಹವನ್ನು ಓದುವುದು ಹೇಗೆ? ಭಾಷೆಯ ಪ್ರಶ್ನೆ ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ಈ ನಾಲ್ಕು ಸಾಲುಗಳನ್ನು ಸಂಘವು ದಪ್ಪಕ್ಷರದ ಕನ್ನಡದಲ್ಲಿ ಅಚ್ಚು ಹಾಕಿಸಿ, ಗಡಿಯ ಪ್ರತಿಯೊಂದು ಕನ್ನಡ ಶಾಲೆಗೂ ಅಂಗನವಾಡಿಗೂ ಮುಟ್ಟಿಸಲೆಂದು ಬೇಡಿಕೊಳ್ಳುತ್ತೇವೆ. ಓದಬಲ್ಲ ಮಕ್ಕಳು ಮನೆಯಲ್ಲಿ ಅದನ್ನು ಓದಿ ಹೇಳಲಿ. ಇಷ್ಟು ಮಾಡಿದರೆ ಈ ವರ್ಷದ ಉತ್ಸವ ಸಾರ್ಥಕವೆಂದು ನಾವು ಭಾವಿಸುತ್ತೇವೆ.